ಪೂರ್ತಿ, ಅರ್ಧ, ಇಲ್ಲ

ಪಾಂಡವಪುರ ದಾಟಿ ನಾಲೆಯ ಏರಿ ಹಿಡಿದು ಹೋದರೆ
ಸಿಗುವ ಶಾಲೆ. ನಾಲ್ಕು ವರ್ಷದ ಕೆಳಗೆ
ಇದೇ ಜಗುಲಿಯಲ್ಲಿ, ಇಟ್ಟಿಗೆ ಕೊಟ್ಟು ನಿಲ್ಲಿಸಿದ ಇದೇ ಬೆಂಚಿನ ಮೇಲೆ
ಎರಡನೇ ಕ್ಲಾಸಿನ ಮೂವತ್ತೊಂದು ಬಾಯಿ ತೆರೆಸಿದ್ದೆವು.
ಇವತ್ತು ಆ ಬಾಯಿಗಳನ್ನೇ ಹುಡುಕಿಕೊಂಡು ಬಂದಿದ್ದೇವೆ,
ಡಾಕ್ಟರ ಕೈಯಲ್ಲಿ ಕನ್ನಡಿ, ನನ್ನ ಕೈಯಲ್ಲಿ ರಿಜಿಸ್ಟರು.

ಮೂರೇ ಗುರುತು ನನ್ನ ಕಾಲಮ್ಮಿಗೆ:
ಪೂ. ಅ. ಇ.
ಪೂರ್ತಿ ಉಳಿದಿದೆ. ಅರ್ಧ ಉಳಿದಿದೆ. ಇಲ್ಲ.

ಆರನೇ ವಯಸ್ಸಿನ ದವಡೆಹಲ್ಲು
ಯಾರಿಗೂ ಹೇಳದೆ ಬರುತ್ತದೆ.
ಮುಂದಿನ ಹಾಲುಹಲ್ಲು ಬಿದ್ದರೆ ಮನೆಯೆಲ್ಲ ಗಲಾಟೆ,
ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯಬೇಕು.
ಇದಕ್ಕೆ ಜಾಗ ಬಿಡಲು ಯಾವುದೂ ಬಿದ್ದಿರುವುದಿಲ್ಲ;
ಪಂಕ್ತಿಯ ಕೊನೆಯಲ್ಲಿ, ಕತ್ತಲಲ್ಲಿ,
ತಡವಾಗಿ ಬಂದ ನೆಂಟನ ಹಾಗೆ ಕೂತುಬಿಡುತ್ತದೆ.
ನೆತ್ತಿಯ ತುಂಬ ಗೀರು,
ಬ್ರಷ್ಷಿನ ಎಳೆ ಇಳಿಯದಷ್ಟು ಇಕ್ಕಟ್ಟು.
ಬೆಲ್ಲ ಇಳಿಯುತ್ತದೆ.
ನಮ್ಮ ಕಡೆ ಬೆಲ್ಲಕ್ಕೇನು ಬರ?

ಆ ಗೀರಿನ ಮೇಲೆ ಅವತ್ತು ಬಿಟ್ಟದ್ದು
ಒಂದು ಹನಿ ಬಿಳಿ ಅಂಟು, ಅಷ್ಟೇ.
ಮೊದಲು ಆಸಿಡ್ಡು; ತೊಳೆದು ಗಾಳಿ ಊದಿದರೆ
ಹಲ್ಲು ಸೀಮೆಸುಣ್ಣದ ಬಣ್ಣಕ್ಕೆ ತಿರುಗಬೇಕು.
ಆಮೇಲೆ ಹನಿ. ಆಮೇಲೆ ನೀಲಿ ಬೆಳಕು, ಇಪ್ಪತ್ತು ಎಣಿಸುವ ತನಕ.
ಹನಿ ಬೀಳುವ ಮುಂಚೆ ಎಂಜಲು ಸೋಕಿದರೆ ಕೆಟ್ಟಿತು.
ಏಳು ವರ್ಷದ ನಾಲಿಗೆಗೆ ಇದನ್ನು ಹೇಳಿ ನೋಡಿ.

ಲಿಖಿತ್: ಪೂ, ಪೂ, ಪೂ, ಅ.
ಫೋಟೋಕ್ಕೆ ಕೂತವನ ಹಾಗೆ ಕೂತಿದ್ದ, ರೆಪ್ಪೆ ಕೂಡ ಬಡಿಯದೆ.
ಮುಬೀನಾ: ಇ, ಇ, ಅ, ಇ.
ಹತ್ತಿಯ ಸುರುಳಿ ಕಚ್ಚಿಕೊಂಡೇ ನಕ್ಕವಳು,
ಎರಡು ಸಲ ಒರೆಸಿ ಮತ್ತೆ ಹಚ್ಚಿದ್ದೆವು.
ಇವತ್ತೂ ಬಾಯಿ ತೆರೆದರೆ ಮೊದಲು ನಗು, ಆಮೇಲೆ ಹಲ್ಲು.
ಚಿರಂತ್ ಟಿ.ಸಿ. ತೆಗೆದುಕೊಂಡು ತಾಯಿಯ ಊರಿಗೆ ಹೋದ.
ಅವನ ನಾಲ್ಕು ಚೌಕ ಖಾಲಿ. ಬಾಯಿ ಎಲ್ಲಿದೆಯೋ
ಹನಿಗಳೂ ಅಲ್ಲೇ, ಇದ್ದರೆ.

ಯಶಿಕಾ ಎಂದು ಕೂಗಿದಾಗ ನನ್ನ ಪೆನ್ನು ನಿಂತಿತು.

ಅವತ್ತು ಕೊನೆಯವಳು ಅವಳು. ಬಿಸಿಯೂಟದ ಗಂಟೆ ಹೊಡೆದಿತ್ತು,
ಕರೆಂಟು ಹೋಗಿ ದೀಪದ ಬ್ಯಾಟರಿ ಕೆಂಪು ತೋರಿಸುತ್ತಿತ್ತು,
ಡಾಕ್ಟರು ಹೆಡ್‌ಮೇಷ್ಟ್ರ ಜೊತೆ ಮಾತಿಗೆ ನಿಂತಿದ್ದರು.
ಬೆಳಕು ಹಿಡಿದವಳು ನಾನು.
ಇಪ್ಪತ್ತನ್ನು ಹನ್ನೆರಡಕ್ಕೆ ಮುಗಿಸಿದೆ.
ಯಾರಿಗೂ ಗೊತ್ತಿಲ್ಲ. ಹಲ್ಲಿಗೆ ಗೊತ್ತಿತ್ತು.

"ಇಲ್ಲ" ಎಂದರು ಡಾಕ್ಟರು. ಬರೆದೆ. "ಇಲ್ಲ." ಬರೆದೆ.
"ಇಲ್ಲ, ಹುಳುಕು ಶುರುವಾಗಿದೆ, ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರಿ."
ಹುಡುಗಿ ಎದ್ದು ಕೂತಳು:
"ನಾನ್ ಕಿತ್ಕಂಡಿಲ್ಲ ಮೇಡಮ್, ದೇವ್ರಾಣೆ."
ಗೊತ್ತು ಕಣವ್ವಾ ಎಂದೆ. ಅದಕ್ಕಿಂತ ಹೆಚ್ಚು
ಹೇಳಲು ಬಾಯಿ ಬರಲಿಲ್ಲ.

ನಾಲ್ಕನೆಯದರ ಮೇಲೆ ಕನ್ನಡಿ ತಡೆದು ನಿಂತಿತು.
ಟಾರ್ಚು ತರಿಸಿದರು, ಗಾಳಿ ಊದಿದರು.
ಮೇಲೆ ಏನೂ ಇಲ್ಲ, ಎಲ್ಲ ಸವೆದಿದೆ.
ಗೀರಿನ ತಳದಲ್ಲಿ ಮಾತ್ರ
ಹೊಲಿಗೆ ಬಿಚ್ಚಿದ ಮೇಲೂ ಬಟ್ಟೆಯಲ್ಲುಳಿದ ದಾರದಷ್ಟು
ಒಂದು ಬಿಳಿ ಗೆರೆ.
ಸುತ್ತ ಹಲ್ಲು ಗಟ್ಟಿ.

ಇದಕ್ಕೆ ಯಾವ ಗುರುತು ಎಂದು ಕೇಳಿದೆ.
ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು
"ಅ ಅಂತ ಬರಿ" ಎಂದರು.
ಅರ್ಧ ಅಲ್ಲ ಅದು. ಬರೆದೆ.

ಆ ಹಲ್ಲಿಗೆ ಮತ್ತೆ ಹಚ್ಚಿದೆವು.
ಬೆಳಕು ಹಿಡಿದು ಈ ಸಲ ಗಟ್ಟಿಯಾಗಿ ಎಣಿಸಿದೆ;
ಕಿಟಕಿಯ ಸರಳು ಹಿಡಿದು ನಿಂತ ಮೂರನೇ ಕ್ಲಾಸು
ನನಗಿಂತ ಜೋರಾಗಿ ಸೇರಿಕೊಂಡಿತು,
ಮಗ್ಗಿ ಒಪ್ಪಿಸುವ ರಾಗದಲ್ಲಿ.
ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು.
ಸಾಕು ಅನ್ನಲು ಯಾರಿಗೂ ತೋಚಲಿಲ್ಲ.
ಇಪ್ಪತ್ತಾರರ ತನಕ ಹೋಯಿತು.